ಸರ್ವರ್ ಎಬ್ಬಿಸುವ ತೀರ್ಥಪ್ರಸಾದ್

ಸಿದ್ದಾಪುರದ ಪೊನ್ನಂಪಾರೆ ಟ್ರೇಡರ್ಸ್‌ನಲ್ಲಿ ಕರೆಂಟ್ ಹೋದರೆ ಯಾರೂ ಬಲ್ಬಿನ ಕಡೆ ನೋಡುತ್ತಿರಲಿಲ್ಲ, ತೀರ್ಥಪ್ರಸಾದನ ಕುರ್ಚಿಯ ಕಡೆ ನೋಡುತ್ತಿದ್ದರು. ಅವನು ಅಲ್ಲಿದ್ದರೆ ನಿಟ್ಟುಸಿರು. ಇಲ್ಲದಿದ್ದರೆ ಫೋನು, ಅದಕ್ಕೂ ಸಿಗದಿದ್ದರೆ ಜೀಪು.

ಕಾಫಿ, ಕರಿಮೆಣಸು ಕೊಂಡು ಮಾರುವ ಆ ಸಂಸ್ಥೆಯಲ್ಲಿ ಕಂಪ್ಯೂಟರ್ ಹೇಳದೆ ಒಂದು ಮೂಟೆಯೂ ಅಲುಗುತ್ತಿರಲಿಲ್ಲ. ಲಾರಿ ವೇಬ್ರಿಡ್ಜ್ ಮೇಲೆ ನಿಂತರೆ ತೂಕ ನೇರ ಕಂಪ್ಯೂಟರಿಗೆ, ಅಲ್ಲಿಂದ ಬಿಲ್ಲಿಗೆ, ಅಲ್ಲಿಂದ ಕುಟ್ಟ ಮತ್ತು ನೆಲ್ಯಹುದಿಕೇರಿ ಶಾಖೆಗಳ ಪರದೆಗೆ. ಹಳೆಯ ಕೈತಕ್ಕಡಿಯನ್ನು ಯಜಮಾನ ಧರ್ಮೇಂದ್ರ ಗುಜರಿಗೆ ಹಾಕಿ, ಹಾಕುವಾಗ ಫೋಟೋ ತೆಗೆಸಿ, ‘ಹೊಸ ಯುಗಕ್ಕೆ ಕಾಲಿಟ್ಟ ಸಂಸ್ಥೆ’ ಎಂದು ಪತ್ರಿಕೆಗೂ ಕೊಟ್ಟಿದ್ದರು. ಆದರೆ ಕೊಡಗಿನಲ್ಲಿ ಹೊಸ ಯುಗಕ್ಕೂ ಹಳೆಯ ಕಂಬಗಳ ಮೇಲಿಂದಲೇ ಕರೆಂಟ್ ಬರಬೇಕು. ಜೂನ್ ಬಂತೆಂದರೆ ತಂತಿಯ ಮೇಲೆ ಸಿಲ್ವರ್ ಮರ ಬೀಳುತ್ತದೆ. ಮರ ಬೀಳದ ದಿನ ಆನೆ ಕಂಬಕ್ಕೆ ಬೆನ್ನುಜ್ಜುತ್ತದೆ. ಆನೆಯೂ ಬಾರದ ದಿನ ಲೈನ್‌ಮ್ಯಾನ್‌ಗಳೇ ‘ಮೇಂಟೆನೆನ್ಸ್’ ಎಂದು ಬೆಳಿಗ್ಗೆಯಿಂದ ತೆಗೆಯುತ್ತಾರೆ.

ಹಿಂದೆ ಏಲಕ್ಕಿ ತುಂಬಿಡುತ್ತಿದ್ದ ಒಂದು ಕೋಣೆಯಲ್ಲಿ ಎರಡು ದೊಡ್ಡ ಸರ್ವರ್‌ಗಳಿದ್ದವು. ಆ ಎರಡರ ಹೊಟ್ಟೆಯಲ್ಲಿ ಏಳು ಕಂಪ್ಯೂಟರುಗಳು ವಾಸವಾಗಿದ್ದವು. ಕಣ್ಣಿಗೆ ಕಾಣದ ಇವುಗಳಿಗೆ ವರ್ಚುವಲ್ ಮಷೀನ್ ಎಂದು ಹೆಸರು. ಎಸ್ಟೇಟಿನ ಲೈನ್‌ಮನೆ ಕಂಡವರಿಗೆ ಇದರಲ್ಲಿ ಅರ್ಥವಾಗದ್ದೇನಿಲ್ಲ. ಒಂದೇ ಸೂರು, ಸಾಲಾಗಿ ಕೋಣೆಗಳು, ಒಂದೊಂದರಲ್ಲೂ ಬೇರೆ ಸಂಸಾರ, ಬೇರೆ ಒಲೆ. ಒಂದು ಸಂಸಾರ ತೂಕ ನೋಡಿಕೊಂಡರೆ ಇನ್ನೊಂದು ಬಿಲ್ಲು, ಮತ್ತೊಂದು ಲೆಕ್ಕವೆಲ್ಲ ತುಂಬಿಟ್ಟುಕೊಂಡ ಡೇಟಾಬೇಸ್. ಯಾವ ಸಂಸಾರ ಯಾವ ಕೋಣೆಯಲ್ಲಿದೆ, ಎದ್ದಿದೆಯೋ ಮಲಗಿದೆಯೋ ಎಂದು ನೋಡಿಕೊಳ್ಳಲು ಎಸ್ಟೇಟಿನಲ್ಲಿ ರೈಟರ್ ಇರುವಂತೆ ಇಲ್ಲಿ ಮ್ಯಾನೇಜ್‌ಮೆಂಟ್ ಸರ್ವರ್ ಎಂಬುದೊಂದಿತ್ತು. ಅದು ತೀರ್ಥಪ್ರಸಾದನ ಮೇಜಿನ ಕೆಳಗಿದ್ದ ಮುದಿ ಡೆಸ್ಕ್‌ಟಾಪು. ಅದರ ಪಾಸ್‌ವರ್ಡ್ ಗೊತ್ತಿದ್ದದ್ದು ಭೂಮಿಯ ಮೇಲೆ ಅವನೊಬ್ಬನಿಗೇ.

ಅವನು ಈ ಪದವಿಗೆ ಏರಿದ್ದು ಸಿದ್ದಾಪುರ ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಿಂದ. ಒಂದು ಮಳೆಗಾಲ ಧರ್ಮೇಂದ್ರರ ಪ್ರಿಂಟರಿನಲ್ಲಿ ಜಿರಳೆ ಸಿಕ್ಕಿಕೊಂಡಿತ್ತು. ತೀರ್ಥಪ್ರಸಾದ್ ಬಂದು ಜಿರಳೆ ತೆಗೆದ, ಪ್ರಿಂಟರ್ ಓಡಿತು. ‘ಈ ಹುಡುಗನ ಕೈಗುಣ ಚೆನ್ನಾಗಿದೆ’ ಎಂದು ಯಜಮಾನರ ತಾಯಿ ವಿಶಾಲಾಕ್ಷಮ್ಮ ತೀರ್ಪು ಕೊಟ್ಟ ಮೇಲೆ ಸಂದರ್ಶನದ ಅಗತ್ಯ ಯಾರಿಗೂ ಕಾಣಲಿಲ್ಲ. ಸರ್ವರ್ ತಂದಿಟ್ಟ ಮೈಸೂರಿನವರು ಹೋಗುವ ಮೊದಲು ಅವನಿಗೆ ಅಷ್ಟಿಷ್ಟು ಕಲಿಸಿದರು. ಉಳಿದದ್ದನ್ನು ಅವನು ವಿಡಿಯೋ ನೋಡಿ ಕಲಿತ. ಕಲಿಯುವುದರಲ್ಲಿ ದಡ್ಡನೇನಲ್ಲ. ಆದರೆ ಕಲಿತದ್ದು ಬೇರೆಯವರಿಗೆ ಸುಲಭವಾಗಿ ಕಾಣಬಾರದು ಎಂಬ ಬುದ್ಧಿವಂತಿಕೆ ಅವನಿಗೆ ಅದಕ್ಕಿಂತಲೂ ಬೇಗ ಬಂತು.

ಕರೆಂಟ್ ಹೋದ ಮೇಲೆ ಯುಪಿಎಸ್ ಸ್ವಲ್ಪ ಹೊತ್ತು ಕುಂಯ್‌ಗುಟ್ಟಿ ಸತ್ತುಹೋಗುತ್ತಿತ್ತು. ಜನರೇಟರ್ ಶುರುವಾದರೆ ದೊಡ್ಡ ಸರ್ವರ್‌ಗಳೇನೋ ತಾವಾಗಿ ಏಳುತ್ತಿದ್ದವು. ಒಳಗಿನ ಏಳು ಸಂಸಾರಗಳು ಮಾತ್ರ ಯಾರಾದರೂ ಬಾಗಿಲು ತಟ್ಟುವವರೆಗೆ ಮಲಗಿಯೇ ಇರುತ್ತಿದ್ದವು. ತಟ್ಟುವವನು ತೀರ್ಥಪ್ರಸಾದ್. ಅವನು ಬಂದು, ಚಪ್ಪಲಿ ಹೊರಗೆ ಬಿಟ್ಟು, ಏಲಕ್ಕಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಡೇಟಾಬೇಸ್ ಏಳುವ ಮೊದಲು ಬಿಲ್ಲಿಂಗ್ ಎದ್ದರೆ ಅದು ಖಾಲಿ ಪಾತ್ರೆ ನೋಡಿದ ಮಗುವಿನ ಹಾಗೆ ರಚ್ಚೆ ಹಿಡಿಯುತ್ತದೆ, ಆದ್ದರಿಂದ ಒಂದು ಕ್ರಮವಿತ್ತು. ಆ ಕ್ರಮದಲ್ಲಿ ಒಂದೊಂದನ್ನೇ ಒತ್ತಿದರೆ ಚಹಾ ತಣ್ಣಗಾಗುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ತೀರ್ಥಪ್ರಸಾದ್ ಚಹಾ ಕುಡಿದು, ಇನ್ನೊಂದು ತರಿಸಿ, ಅದನ್ನೂ ಕುಡಿದು ಹೊರಗೆ ಬರುತ್ತಿದ್ದ. ನಡುವೆ ಬಾಗಿಲು ಸ್ವಲ್ಪ ತೆರೆದು, ಡೇಟಾಬೇಸ್ ಇನ್ನೂ ಕಣ್ಣು ಬಿಟ್ಟಿಲ್ಲ, ಯಾರೂ ಮಾತಾಡಿಸಬೇಡಿ ಎನ್ನುತ್ತಿದ್ದ. ಹೊರಗೆ ವಿರಾಜಪೇಟೆ ರಸ್ತೆಯುದ್ದಕ್ಕೂ ಲಾರಿಗಳು ನಿಂತು, ಅವುಗಳ ಹಿಂದೆ ಬಸ್ಸುಗಳು ನಿಂತು, ಬಸ್ಸಿನಲ್ಲಿದ್ದವರು ಕಿಟಕಿಯಿಂದ ತಲೆ ಹಾಕಿ ಏನಾಯ್ತೆಂದು ಕೇಳಿದರೆ ವೇಬ್ರಿಡ್ಜಿನ ಜವರ, ಪ್ರಸಾದಣ್ಣ ಒಳಗಿದ್ದಾರೆ ಎನ್ನುತ್ತಿದ್ದ. ಅಷ್ಟೇ ಸಾಕಿತ್ತು. ಆಪರೇಷನ್ ಥಿಯೇಟರಿನ ಮುಂದೆ ನಿಂತವರ ತಾಳ್ಮೆ ಎಲ್ಲರಿಗೂ ಬರುತ್ತಿತ್ತು.

ಅವನ ಹೆಂಡತಿ ಭವ್ಯಶ್ರೀಗೆ ಮಾತ್ರ ಆ ತಾಳ್ಮೆ ಬಂದಿರಲಿಲ್ಲ. ಅವರ ಮನೆಯಿದ್ದ ನೆಲ್ಯಹುದಿಕೇರಿಯಲ್ಲೇ ಅವಳದೊಂದು ಹೊಲಿಗೆ ಅಂಗಡಿ. ಕುಟ್ಟದಲ್ಲಿ ಅವಳ ತಮ್ಮನ ಮದುವೆಯಾದ ದಿನ ಪಾಯಸ ಬಡಿಸುವ ಹೊತ್ತಿಗೆ ಕಂಪನಿಯ ಜೀಪು ಚಪ್ಪರದ ಮುಂದೆ ಬಂದು ನಿಂತಿತು. ತೀರ್ಥಪ್ರಸಾದ್ ಎಲೆ ಮಡಚಿ ಎದ್ದ. ಎದ್ದ ರೀತಿಯಲ್ಲಿ ಬೇಸರ ಸ್ವಲ್ಪವೂ ಇರಲಿಲ್ಲ. ಕೈ ತೊಳೆಯಲು ಹೋಗುವಾಗ ಅವನು ಬೇಕೆಂದೇ ಚಪ್ಪರದ ನಡುವಿನಿಂದ ಹೋದನೆಂದು ಭವ್ಯಶ್ರೀ ಈಗಲೂ ಹೇಳುತ್ತಾಳೆ. ಆ ದಿನ ಸಂಜೆ ಅವನು ಮರಳಿ ಬಂದಾಗ ಅವಳು ಕೇಳಿದ್ದು ಒಂದೇ.

“ಅದ್ ತನ್ನಷ್ಟಕ್ಕೆ ಏಳಿಕೆ ಆಕಿಲೆನಾ?”

ಕೋಳಿಯಾದರೆ ತಾನಾಗಿ ಏಳುತ್ತದೆ, ಸರ್ವರ್ ಏಳುವುದಿಲ್ಲ ಎಂದು ತೀರ್ಥಪ್ರಸಾದ್ ಉತ್ತರಿಸಿದ. ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ದೊಡ್ಡ ಸರ್ವರಿನ ಸೆಟ್ಟಿಂಗುಗಳ ಒಳಗೆ ಒಂದು ಪುಟವಿತ್ತು. ಕರೆಂಟ್ ಬಂದ ಮೇಲೆ ಯಾವ ಮಷೀನ್ ಮೊದಲು ಏಳಬೇಕು, ಎಷ್ಟು ಹೊತ್ತು ಬಿಟ್ಟು ಮುಂದಿನದು ಏಳಬೇಕು ಎಂದು ಅಲ್ಲಿ ಒಮ್ಮೆ ಬರೆದಿಟ್ಟರೆ ಮತ್ತೆ ಯಾರೂ ಬಾಗಿಲು ತಟ್ಟಬೇಕಾಗಿರಲಿಲ್ಲ. ಆ ಪುಟವನ್ನು ಅವನು ಕೆಲಸಕ್ಕೆ ಸೇರಿದ ವರ್ಷವೇ ನೋಡಿದ್ದ. ಯಾರೋ ಸ್ನಾನ ಮಾಡುತ್ತಿರುವಾಗ ತಪ್ಪಿ ಬಾಗಿಲು ತೆರೆದವನಂತೆ ತಕ್ಷಣ ಮುಚ್ಚಿದ್ದ.

ಹೀಗೆಯೇ ನಡೆದುಹೋಗುತ್ತಿತ್ತೋ ಏನೋ. ಆದರೆ ಧರ್ಮೇಂದ್ರ ಮೈಸೂರಿನ ಹೋಟೆಲೊಂದರಲ್ಲಿ ವ್ಯಾಪಾರಿಗಳ ಸೆಮಿನಾರಿಗೆ ಹೋಗಿ, ಊಟದ ಜೊತೆಗೆ ‘ಮೈಗ್ರೇಷನ್’ ಎಂಬ ಪದವನ್ನೂ ಹೊತ್ತುಕೊಂಡು ಬಂದರು. ಹಳೆಯ ಮ್ಯಾನೇಜ್‌ಮೆಂಟ್ ಸರ್ವರಿಗೆ ಅದನ್ನು ತಯಾರಿಸಿದ ಕಂಪನಿಯ ರಕ್ಷಣೆ ನಿಂತುಹೋಗಿದೆ, ಯಾವ ಕಳ್ಳನೂ ಒಳಗೆ ಬರಬಹುದು, ಅದನ್ನು ಹೊಸದಕ್ಕೆ ಸಾಗಿಸಬೇಕು, ಸಾಗಿಸುವಾಗಲೇ ಮಷೀನುಗಳು ತಾವಾಗಿ ಏಳುವ ವ್ಯವಸ್ಥೆಯೂ ಆಗಬೇಕು ಎಂದು ಅಪ್ಪಣೆಯಾಯಿತು. ವಿಶಾಲಾಕ್ಷಮ್ಮನಿಗೆ ಇದು ‘ಮೈಗ್ರೇನ್’ ಎಂದು ಕೇಳಿಸಿ, ಶುಂಠಿ ಅರೆದು ಹಣೆಗೆ ಹಚ್ಚಲು ಹೇಳಿದರು. ತೀರ್ಥಪ್ರಸಾದನಿಗೂ ಅದೇ ಹೆಚ್ಚು ಸರಿ ಎನಿಸಿತು.

ಅವನು ತನ್ನ ಕೈಲಾದಷ್ಟು ತಡೆದ. ಈಗ ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಸಮಯ ಎಂದ. ಪಿಕಿಂಗ್ ಮುಗಿದ ಮೇಲೆ ಮೆಣಸಿನ ಸಮಯ ಎಂದ. ಮೆಣಸು ಒಣಗಿದ ಮೇಲೆ ಮಳೆಯಲ್ಲಿ ಇಂಥ ಕೆಲಸಕ್ಕೆ ಕೈ ಹಾಕಬಾರದು ಎಂದ. ಹಾಗಾದರೆ ಯಾವಾಗ ಮಾಡುವುದೆಂದು ಧರ್ಮೇಂದ್ರ ಕೇಳಿದಾಗ ಅವನ ಬಳಿ ಋತುಗಳು ಮುಗಿದುಹೋಗಿದ್ದವು.

ಮೈಸೂರಿನಿಂದ ಲಿಖಿತಾ ಎಂಬ ಇಂಜಿನಿಯರ್ ಬಂದಳು. ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಬಸ್ಸಿನಲ್ಲಿ ಅರ್ಧ ತಿಂದ ಜೋಳ. ಏಲಕ್ಕಿ ಕೋಣೆಗೆ ಚಪ್ಪಲಿ ಹಾಕಿಕೊಂಡೇ ನುಗ್ಗಿದಳು. ಇದು ಬಹಳ ಸೂಕ್ಷ್ಮವಾದ ಸಿಸ್ಟಂ, ಇದರ ಸ್ವಭಾವವೇ ಬೇರೆ ಎಂದು ತೀರ್ಥಪ್ರಸಾದ್ ವಿವರಿಸತೊಡಗಿದರೆ ಅವಳು ತಲೆಯಾಡಿಸುತ್ತಾ ಜೋಳ ಮುಗಿಸಿ, ಪಾಸ್‌ವರ್ಡ್ ಕೇಳಿದಳು. ತಾನೇ ಟೈಪ್ ಮಾಡುತ್ತೇನೆ ಎಂದ. ಸಾಗಿಸುವ ಪ್ರೋಗ್ರಾಂ ಅದನ್ನು ಮತ್ತೆ ಮತ್ತೆ ಕೇಳುತ್ತದೆ, ಬಾಯಲ್ಲಿ ಹೇಳಿಬಿಡಿ, ಹೊಸದರಲ್ಲಿ ಹೇಗೂ ಬದಲಾಯಿಸುತ್ತೇವಲ್ಲ ಎಂದಳು. ಬಿಲ್ಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ಅಕೌಂಟೆಂಟ್ ಯಮುನಾ ಕಿವಿ ನಿಮಿರಿಸಿದಳು. ತೀರ್ಥಪ್ರಸಾದ್ ಗೋಡೆ ನೋಡಿಕೊಂಡು, ‘ತೀರ್ಥ ಇಲ್ಲದೆ ಇಲ್ಲ’ ಎಂದ. ಇಂಗ್ಲಿಷ್ ಅಕ್ಷರ, ನಡುವೆ ಜಾಗ ಬಿಡಬೇಡಿ, ಕೊನೆಗೆ ಒಂದು ಎರಡು ಮೂರು ಎಂದೂ ಸೇರಿಸಿದ. ಲಿಖಿತಾ ಮುಖ ಬದಲಿಸದೆ ಟೈಪ್ ಮಾಡಿದಳು. ಯಮುನಾ ಬಿಲ್ಲು ಅಲ್ಲೇ ಬಿಟ್ಟು ಹೊರಟಳು. ಮಧ್ಯಾಹ್ನದ ಊಟದ ಹೊತ್ತಿಗೆ ಆಫೀಸಿನಲ್ಲಿ ಸಾರು ಬಡಿಸುವವರೂ ‘ತೀರ್ಥ ಇಲ್ಲದೆ ಇಲ್ಲ’ ಎಂದೇ ಬಡಿಸುತ್ತಿದ್ದರು.

ಸಾಗಣೆ ತೀರ್ಥಪ್ರಸಾದ್ ಹೆದರಿಸಿದಷ್ಟು ಕಷ್ಟದ್ದಾಗಿರಲಿಲ್ಲ, ಲಿಖಿತಾ ಅಂದುಕೊಂಡಷ್ಟು ಸುಲಭದ್ದೂ ಆಗಿರಲಿಲ್ಲ. ಹೊಸ ಮ್ಯಾನೇಜ್‌ಮೆಂಟ್ ಸರ್ವರ್ ಬೇರೆ ಪೆಟ್ಟಿಗೆಯಲ್ಲ, ಅದೂ ಒಂದು ವರ್ಚುವಲ್ ಮಷೀನೇ. ಅಂದರೆ ರೈಟರೂ ಇನ್ನು ಮುಂದೆ ಲೈನ್‌ಮನೆಯಲ್ಲೇ ಒಂದು ಕೋಣೆ ಹಿಡಿದು ಇರಬೇಕು. ಹಳೆಯದರಿಂದ ಹೆಸರು, ಅಧಿಕಾರ, ಹಳೆಯ ಕಥೆಗಳೆಲ್ಲ ಹೊಸದಕ್ಕೆ ಹರಿಯುತ್ತಿರುವಾಗ ಪರದೆಯ ಗೆರೆ ಒಂದು ಕಡೆ ಸಿಕ್ಕಿಹಾಕಿಕೊಂಡು ಅಲುಗಲಿಲ್ಲ. ನಾನು ಮೊದಲೇ ಹೇಳಿದ್ದೆ ಎಂದು ತೀರ್ಥಪ್ರಸಾದ್ ಸಂತೋಷದಿಂದ ಚಹಾ ತರಿಸಿದ. ಹಳೆಯ ಡೆಸ್ಕ್‌ಟಾಪಿನ ಗಡಿಯಾರ ಹಿಂದೆ ಬಿದ್ದಿದೆಯೆಂದು ಕಂಡುಹಿಡಿದು, ಅದನ್ನು ಸರಿಮಾಡಿ, ಮೊದಲಿನಿಂದ ಮತ್ತೆ ಶುರು ಮಾಡುವಷ್ಟರಲ್ಲಿ ಲಿಖಿತಾಳ ಆ ದಿನ ಮುಗಿಯಿತು. ಮರುದಿನ ಗೆರೆ ಕೊನೆ ಮುಟ್ಟಿತು. ಹಳೆಯ ಡೆಸ್ಕ್‌ಟಾಪನ್ನು ಆಫ್ ಮಾಡಿದಾಗ ಅದರ ಫ್ಯಾನು ನಿಂತ ಸದ್ದಿಗೆ ತೀರ್ಥಪ್ರಸಾದನ ಕಾಲು ಮೇಜಿನ ಕೆಳಗೆ ಹುಡುಕಾಡಿತು. ಇಷ್ಟು ವರ್ಷ ಅದರ ಬಿಸಿಗೆ ಪಾದ ಚಾಚಿ ಕೂತವನು.

ನಂತರ ಲಿಖಿತಾ ಆ ಪುಟ ತೆರೆದಳು. ಇದು ಮೊದಲಿನಿಂದಲೂ ಇಲ್ಲೇ ಇತ್ತಲ್ಲ, ನೋಡಿರಲಿಲ್ಲವಾ ಎಂದು ಕೇಳಿದಳು. ನೋಡಿದ್ದೆ, ನಂಬಿಕೆ ಇರಲಿಲ್ಲ ಎಂದ. ಅವಳು ಮ್ಯಾನೇಜ್‌ಮೆಂಟ್ ಸರ್ವರನ್ನು ಮೊದಲಿಗೆ, ಡೇಟಾಬೇಸನ್ನು ಅದರ ನಂತರ, ಬಿಲ್ಲಿಂಗನ್ನು ಸ್ವಲ್ಪ ತಡವಾಗಿ, ಹೀಗೆ ಕ್ರಮ ಹಾಕಿ, ಸ್ವಿಚ್ಚು ತೆಗೆದು ಹಾಕಿದಳು. ಎಲ್ಲ ಮಷೀನುಗಳೂ ಒಂದರ ಹಿಂದೊಂದು ಎದ್ದು ಹಸಿರು ಬಣ್ಣಕ್ಕೆ ತಿರುಗಿದವು. ತೀರ್ಥಪ್ರಸಾದ್ ಅದನ್ನು ನಿಂತು ನೋಡಿದ. ಯಾರೂ ತಟ್ಟಲಿಲ್ಲ, ಯಾರೂ ಕಾಯಲಿಲ್ಲ, ಚಹಾ ಇನ್ನೂ ಬಂದೇ ಇರಲಿಲ್ಲ.

ಹೊರಡುವಾಗ ಅವಳು ಒಂದು ಎಚ್ಚರಿಕೆ ಕೊಟ್ಟಳು. “ಈ ಸೆಟ್ಟಿಂಗ್ ಆಯಾ ಸರ್ವರಿಗೆ ಮಾತ್ರ, ಸರ್. ಒಂದು ಮಷೀನನ್ನ ಈ ಸರ್ವರಿಂದ ಆ ಸರ್ವರಿಗೆ ಶಿಫ್ಟ್ ಮಾಡಿದ್ರೆ ಇದು ಮರೆತುಹೋಗುತ್ತೆ. ಅಲ್ಲಿ ಮತ್ತೆ ಹಾಕ್ಬೇಕು. ನೆನಪಿಟ್ಕೊಳ್ಳಿ.”

ಇದಾದ ಮೇಲೆ ಧರ್ಮೇಂದ್ರ ಸುಮ್ಮನಿದ್ದಿದ್ದರೆ ಅವರು ಧರ್ಮೇಂದ್ರ ಆಗುತ್ತಿರಲಿಲ್ಲ. ಸ್ವಯಂ ಏಳುವ ಸರ್ವರ್‌ಗಳ ಉದ್ಘಾಟನೆ ಮಾಡಬೇಕೆಂದು ಅವರಿಗೆ ಹೊಳೆಯಿತು. ಆಹ್ವಾನ ಪತ್ರಿಕೆ ಅಚ್ಚಾಯಿತು. ಬೆಳೆಗಾರರ ಸಂಘದವರಿಗೆ ಕುರ್ಚಿ, ವಿಶಾಲಾಕ್ಷಮ್ಮನಿಗೆ ಆರತಿ ತಟ್ಟೆ, ಏಲಕ್ಕಿ ಕೋಣೆಯ ಬಾಗಿಲಿಗೆ ಚೆಂಡುಹೂವಿನ ಮಾಲೆ. ಯಜಮಾನರೇ ಎಲ್ಲರ ಮುಂದೆ ಮೇನ್ ಸ್ವಿಚ್ ಎಳೆಯುವುದು, ಯಾರೂ ಮುಟ್ಟದೆ ಎಲ್ಲವೂ ಎದ್ದು ನಿಲ್ಲುವುದು, ಆಮೇಲೆ ಪಾಪುಟ್ಟು, ಕೋಳಿ ಸಾರು.

ಹಿಂದಿನ ದಿನ ಧರ್ಮೇಂದ್ರ ತಯಾರಿ ನೋಡಲು ಬಂದರು. ದೊಡ್ಡ ಪರದೆಯ ಮೇಲೆ ಒಂದು ಸರ್ವರಿನಲ್ಲಿ ಹೆಚ್ಚು ಮಷೀನುಗಳು, ಇನ್ನೊಂದರಲ್ಲಿ ಕಡಿಮೆ ಕಂಡವು. ತಕ್ಕಡಿ ಹಿಡಿದ ಮನೆತನದವರಿಗೆ ಅದನ್ನು ಸಹಿಸಲಾಗಲಿಲ್ಲ. ಒಂದು ಕಡೆ ಭಾರ ಜಾಸ್ತಿಯಾಗಿ ವಾಲಿದ ಹಾಗೆ ಕಾಣುತ್ತದೆ, ಬಂದವರು ಏನಂದುಕೊಳ್ಳುತ್ತಾರೆ, ಸಮ ಮಾಡು ಎಂದರು. ಸರ್ವರ್ ಎತ್ತಿನ ಗಾಡಿಯಲ್ಲ ಎಂದು ಹೇಳಲು ತೀರ್ಥಪ್ರಸಾದ್ ಬಾಯಿ ತೆರೆದ, ಮತ್ತೆ ಮುಚ್ಚಿದ. ಡೇಟಾಬೇಸನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸರಿಸಿದ. ಪರದೆ ಸಮವಾಯಿತು, ಯಜಮಾನರು ತೃಪ್ತರಾಗಿ ಹೋದರು.

ಲಿಖಿತಾ ಹೇಳಿದ್ದು ಅವನಿಗೆ ಮರೆತಿರಲಿಲ್ಲ. ಆ ಪುಟ ತೆರೆದ. ಹೊಸ ಜಾಗದಲ್ಲಿ ಡೇಟಾಬೇಸಿನ ಮುಂದೆ ‘ಕೈಯಿಂದ’ ಎಂದಿತ್ತು. ಅದನ್ನು ‘ತಾನಾಗಿ’ ಎಂಬುದಕ್ಕೆ ಎಳೆಯಬೇಕಿತ್ತು, ಅಷ್ಟೇ. ಬೆರಳು ಮೌಸಿನ ಮೇಲಿತ್ತು. ಸಮ ಮಾಡು ಎಂದರು, ಮಾಡಿದ್ದೇನೆ; ಬೇರೆ ಏನೂ ಹೇಳಲಿಲ್ಲವಲ್ಲ ಎಂದು ತನಗೆ ತಾನೇ ವಾದಿಸಿ, ಗೆದ್ದು, ಪುಟ ಮುಚ್ಚಿ ಮನೆಗೆ ಹೋದ. ಆ ದಿನ ಅವನು ಮನೆಯಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡದ್ದು ಭವ್ಯಶ್ರೀಗೆ ವಿಚಿತ್ರವಾಗಿ ಕಂಡಿತು.

ಉದ್ಘಾಟನೆಯ ದಿನ ಆರತಿಯಾಯಿತು, ತೆಂಗಿನಕಾಯಿ ಒಡೆಯಿತು. ಮನುಷ್ಯನ ಅವಲಂಬನೆಯಿಂದ ಯಂತ್ರ ಬಿಡುಗಡೆ ಹೊಂದುವ ಕುರಿತು ಧರ್ಮೇಂದ್ರ, ಮನುಷ್ಯರೆಲ್ಲ ಹಸಿದು ಕುಳಿತಿರುವಾಗಲೇ, ದೀರ್ಘವಾಗಿ ಮಾತಾಡಿದರು. ಮೇನ್ ಸ್ವಿಚ್ ಎಳೆದರು. ಕತ್ತಲಾಯಿತು. ಜನರೇಟರ್ ಗುಡುಗಿತು. ಪರದೆಯ ಮೇಲೆ ಒಂದೊಂದೇ ಮಷೀನ್ ಹಸಿರಾಯಿತು, ಚಪ್ಪಾಳೆ ಬಿತ್ತು. ಒಂದು ಮಾತ್ರ ಬೂದು ಬಣ್ಣದಲ್ಲೇ ಉಳಿಯಿತು. ಆಮೇಲೆ ಡೇಟಾಬೇಸ್ ಸಿಗದ ಬಿಲ್ಲಿಂಗ್ ಕೆಂಪಾಯಿತು. ಅದರ ಹಿಂದೆ ವೇಬ್ರಿಡ್ಜ್ ಕೆಂಪಾಯಿತು. ಸಂಘದ ಅಧ್ಯಕ್ಷರು ಕೆಂಪೂ ಕಾರ್ಯಕ್ರಮದ ಭಾಗವೆಂದುಕೊಂಡು ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು.

ಧರ್ಮೇಂದ್ರರ ಮುಖದ ಬಣ್ಣವೂ ಬದಲಾದಾಗ ತೀರ್ಥಪ್ರಸಾದ್ ಹಿಂದಿನ ಸಾಲಿನಿಂದ ಎದ್ದ. ಅವಸರ ಮಾಡಲಿಲ್ಲ. ಹೂವಿನ ಮಾಲೆಯ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿದ. ಚಹಾ ಎರಡು ಸಲ ಕುಡಿಯುವಷ್ಟು ಹೊತ್ತು ಕಳೆದು, ಹೊರಗೆ ಎಲ್ಲ ಹಸಿರಾಯಿತು. ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು. ಅಧ್ಯಕ್ಷರಿಗೆಂದು ತಂದಿಟ್ಟಿದ್ದ ಶಾಲನ್ನು ಧರ್ಮೇಂದ್ರ ಅವನಿಗೇ ಹೊದಿಸಿ, ಯಂತ್ರ ಎಷ್ಟೇ ಆದರೂ ಯಂತ್ರ, ಮನುಷ್ಯನಿಗೆ ಮನುಷ್ಯನೇ ಎಂದು ಸ್ವಲ್ಪ ಮೊದಲು ಹೇಳಿದ್ದರ ಪೂರ್ತಿ ವಿರುದ್ಧವನ್ನು ಅಷ್ಟೇ ಆವೇಶದಿಂದ ಹೇಳಿದರು.

ತೀರ್ಥಪ್ರಸಾದನ ಗೆಲುವು ಮರುದಿನ ಬೆಳಿಗ್ಗೆಯವರೆಗೆ ಇತ್ತು. ಬೆಳಿಗ್ಗೆ ಧರ್ಮೇಂದ್ರ ಕರೆದು, ಇಂಥ ಮನುಷ್ಯ ನೆಲ್ಯಹುದಿಕೇರಿಯಲ್ಲಿರುವುದು ಸರಿಯಲ್ಲ, ಹೊಳೆ ಉಕ್ಕಿ ರಸ್ತೆ ಮುಚ್ಚಿದರೆ ಸಂಸ್ಥೆಯ ಗತಿಯೇನು ಎಂದರು. ಗೋಡೌನಿನ ಹಿಂದೆ ಲೋಡಿಂಗ್ ಆಳುಗಳಿಗೆ ಕಟ್ಟಿದ ಲೈನ್‌ಮನೆಯಲ್ಲಿ ಒಂದು ಕೋಣೆ ಖಾಲಿಯಿದೆ, ಸುಣ್ಣ ಹೊಡೆಸುತ್ತೇನೆ, ಮಳೆಗಾಲ ಮುಗಿಯುವವರೆಗೆ ಅಲ್ಲೇ ಇರು. ರಜೆ ಸದ್ಯಕ್ಕಿಲ್ಲ. ಇದೆಲ್ಲ ಗೌರವದ ಧ್ವನಿಯಲ್ಲೇ ಬಂದದ್ದರಿಂದ ಅವನು ಗೌರವದಿಂದಲೇ ತಲೆಯಾಡಿಸಬೇಕಾಯಿತು.

ಭವ್ಯಶ್ರೀ ತಲೆಯಾಡಿಸಲಿಲ್ಲ. “ನಂಗೆ ಲೈನ್‌ಮನೆಲಿ ಇರಿಕೆ ಆಕಿಲೆ” ಎಂದಳು. “ಶಾಲು ನಿಮ್ಗೆ ಹೊದ್ಸಿದ್ದ್. ನೀವೇ ಹೋಗಿ.”

ಹೋದ. ಕೋಣೆಗೆ ಒಂದು ಕಿಟಕಿ, ಅದರ ಎದುರಿಗೆ ಜನರೇಟರ್. ಅಕ್ಕಪಕ್ಕದ ಕೋಣೆಗಳಲ್ಲಿ ಲೋಡಿಂಗಿನ ಸಂಸಾರಗಳು. ಅವರು ದಿನದ ಕೆಲಸ ಮುಗಿದ ಮೇಲೆ ಬಟ್ಟೆ ಬದಲಿಸಿ ಪೇಟೆಗೆ ಹೋಗುತ್ತಿದ್ದರು. ಇವನು ಹೋಗುವ ಹಾಗಿರಲಿಲ್ಲ. ಆ ವರ್ಷದ ಮಳೆ ಕಂಬಗಳ ಮೇಲೆ ಸಿಟ್ಟಿಟ್ಟುಕೊಂಡು ಬಂದಂತಿತ್ತು. ಬೆಳಗಿನ ತಿಂಡಿಗೆ ಕೂತರೆ ಕರೆಂಟ್ ಹೋಗುತ್ತಿತ್ತು. ಮೈಗೆ ಸೋಪು ಹಚ್ಚಿದರೆ ಹೋಗುತ್ತಿತ್ತು. ಬಚ್ಚಲಿನ ಹೊರಗೆ ಜವರ ನಿಂತು, ಅಣ್ಣಾ, ಲಾರಿ ಬ್ರಿಡ್ಜ್ ಮೇಲೆ ನಿಂತದೆ ಎನ್ನುತ್ತಿದ್ದ. ಮೊದಲು ಜೀಪಿನಲ್ಲಿ ಬಂದು ಇಳಿಯುತ್ತಿದ್ದವನು ಈಗ ಪಂಚೆ ಎತ್ತಿ ಕಟ್ಟಿ ಕೆಸರಿನಲ್ಲಿ ಓಡಿ ಬರುವುದನ್ನು ಲಾರಿಯವರು ದಿನವೂ ನೋಡಿದರು. ದಿನವೂ ನೋಡಿದ್ದಕ್ಕೆ ಯಾರೂ ಎದ್ದು ನಿಲ್ಲುವುದಿಲ್ಲ. ಪ್ರಸಾದಣ್ಣ ಒಳಗಿದ್ದಾರೆ ಎಂಬುದು ಹೋಗಿ, ಎಲ್ಲಿ ಸತ್ತ ಆ ಕಂಪ್ಯೂಟರಿನವನು ಎಂದಾಯಿತು.

ಒಂದು ಮಧ್ಯಾಹ್ನ, ಅರ್ಧ ಉಂಡು ಮೂರನೆಯ ಸಲ ಎದ್ದು ಬಂದವನು ಬಾಗಿಲು ಹಾಕಿಕೊಂಡು, ಆ ಪುಟ ತೆರೆದು, ಡೇಟಾಬೇಸನ್ನು ‘ತಾನಾಗಿ’ ಎಂಬುದಕ್ಕೆ ಎಳೆದುಬಿಟ್ಟ. ಎರಡೂ ಸರ್ವರ್‌ಗಳಲ್ಲಿ ಕ್ರಮ ಸರಿಪಡಿಸಿದ. ಡೇಟಾಬೇಸ್ ಈಗ ಬೇರೆ ಸರ್ವರಿನಲ್ಲಿದ್ದದ್ದರಿಂದ ಬಿಲ್ಲಿಂಗಿಗೆ ಸ್ವಲ್ಪ ಹೆಚ್ಚು ಕಾಯುವ ಹೊತ್ತು ಕೊಟ್ಟ. ಒಳ್ಳೆಯ ಕೆಲಸವನ್ನು ಕಳ್ಳನ ಹಾಗೆ ಮಾಡಿದ, ಯಾರಿಗೂ ಹೇಳಲಿಲ್ಲ. ಹೇಳಿದರೆ, ಇಷ್ಟು ದಿನ ಯಾಕೆ ಮಾಡಲಿಲ್ಲ ಎಂಬ ಪ್ರಶ್ನೆ ಬರುತ್ತದಲ್ಲ.

ಅಂದಿನಿಂದ ಅವನ ಕೆಲಸ ಎದ್ದವರನ್ನು ಎಬ್ಬಿಸುವುದಾಯಿತು. ಕರೆಂಟ್ ಹೋದಾಗ ಓಡಿ ಬರುತ್ತಿದ್ದ, ಬಾಗಿಲು ಹಾಕುತ್ತಿದ್ದ, ಮಷೀನುಗಳು ತಮ್ಮ ಪಾಡಿಗೆ ಏಳುವುದನ್ನು ನೋಡುತ್ತಾ ಕೂರುತ್ತಿದ್ದ, ಹೊತ್ತು ನೋಡಿಕೊಂಡು ಬೆವರು ಒರೆಸುತ್ತಾ ಹೊರಗೆ ಬರುತ್ತಿದ್ದ.

ಶ್ರಾವಣದಲ್ಲಿ ಭವ್ಯಶ್ರೀಯ ಅಜ್ಜಿ ಕುಟ್ಟದಲ್ಲಿ ತೀರಿಕೊಂಡರು. ಸಾವಿಗೆ ರಜೆ ಇಲ್ಲವೆನ್ನಲು ಧರ್ಮೇಂದ್ರರಿಗೂ ಬಾಯಿ ಬರಲಿಲ್ಲ. ಫೋನ್ ಕೈಯಲ್ಲೇ ಇರಲಿ ಎಂದಷ್ಟೇ ಹೇಳಿದರು. ತೀರ್ಥಪ್ರಸಾದ್ ಅದನ್ನು ಕೈಯಲ್ಲೇ ಹಿಡಿದು ಕೂತ. ಅದು ರಿಂಗಾಗಲಿಲ್ಲ. ಬೆಳಿಗ್ಗೆ ರಿಂಗಾಗಲಿಲ್ಲ, ಮಧ್ಯಾಹ್ನ ರಿಂಗಾಗಲಿಲ್ಲ. ಹೊರಗೆ ಕಾಫಿ ತೋಟ ಮುರಿದು ಬೀಳುವಂಥ ಗಾಳಿ. ಸಂಜೆಗೆ ತಡೆಯಲಾಗದೆ ತಾನೇ ಜವರನಿಗೆ ಫೋನ್ ಮಾಡಿದ. ಕರೆಂಟ್ ಹೇಗಿದೆ ಎಂದು ಕೇಳಿದ.

“ಬೆಳಗಿಂದ ಹೋಗಿ ಬಂದು ಮಾಡ್ತಾ ಉಂಟಣ್ಣ” ಎಂದ ಜವರ. “ಎಲ್ಲ ಕುಟ್ಟದಿಂದ್ಲೇ ಎಬ್ಬಿಸ್ತಾ ಇದ್ದೀರಲ್ಲ ನೀವು. ಯಜಮಾನ್ರು ಬಂದವರಿಗೆಲ್ಲ ಹೇಳ್ತಾ ಇದ್ರು.”

ಇಲ್ಲ ಎನ್ನಬೇಕೆಂದು ಅವನು ಉಸಿರೆಳೆದುಕೊಂಡ. ಅಷ್ಟರಲ್ಲಿ ಲಾರಿ ಬಂತೆಂದು ಜವರ ಫೋನಿಟ್ಟ.

ಕುಟ್ಟದಿಂದ ಮರಳುವಷ್ಟರಲ್ಲಿ ಅವನ ಕೀರ್ತಿ ಅವನಿಗಿಂತ ಮೊದಲೇ ಸಿದ್ದಾಪುರ ಮುಟ್ಟಿತ್ತು. ಸೂತಕದ ಮನೆಯಲ್ಲಿ ಕೂತು ಬೆರಳ ತುದಿಯಿಂದ ಅಷ್ಟು ದೂರದ ಸರ್ವರ್ ಎಬ್ಬಿಸಿದವನು. ಲೈನ್‌ಮನೆಯ ಅಗತ್ಯ ಇಲ್ಲವೆಂದಾಯಿತು. ಅವನು ನೆಲ್ಯಹುದಿಕೇರಿಗೆ ಮರಳಿದ. ಭವ್ಯಶ್ರೀ ಅವನ ಚಾಪೆ, ದಿಂಬು ಬಿಸಿಲಿಗೆ ಹಾಕಿದಳು. ಬಿಸಿಲು ಬಂದದ್ದು ವಾರ ಕಳೆದ ಮೇಲೆ. ನಿಜ ಏನೆಂದು ಅವಳಿಗೆ ಹೇಳಿದ. ಅವಳು ನಗಲಿಲ್ಲ, ಬೈಯಲೂ ಇಲ್ಲ. ಗೊತ್ತುಟ್ಟು ಎಂದಳು. ತಮ್ಮನ ಮದುವೆಯ ದಿನ ಚಪ್ಪರದ ನಡುವಿನಿಂದ ನಡೆದುಹೋದ ಬೆನ್ನು ನೋಡಿದಾಗಲೇ ಗೊತ್ತಾಗಿತ್ತಂತೆ.

ಮಳೆಗಾಲ ಕಳೆದು ಲಿಖಿತಾ ವಾರ್ಷಿಕ ತಪಾಸಣೆಗೆ ಬಂದಳು. ಎಲ್ಲ ನೋಡಿ, ವ್ಯವಸ್ಥೆ ಚೆನ್ನಾಗಿ ನಡೆಯುತ್ತಿದೆ, ಮಷೀನುಗಳೆಲ್ಲ ತಾವಾಗಿಯೇ ಏಳುತ್ತಿವೆ, ಶ್ರಾವಣದಿಂದೀಚೆಗೆ ಯಾರೂ ಕೈಯಿಂದ ಮುಟ್ಟಿಯೇ ಇಲ್ಲ ಎಂದು ಧರ್ಮೇಂದ್ರರ ಮುಂದೆಯೇ ಹೇಳಿದಳು. ಅವಳು ಹೊರಟ ಮೇಲೆ ಧರ್ಮೇಂದ್ರ ತೀರ್ಥಪ್ರಸಾದನ ಕಡೆ ತಿರುಗಿದರು. ಅವನು ತಪ್ಪೊಪ್ಪಿಗೆಗೆ ಬಾಯಿ ತೆರೆದ. ಯಜಮಾನರು ಕೈಯೆತ್ತಿ ತಡೆದರು.

“ನಾನು ಕುಶಾಲನಗರದಿಂದ ಕುಟ್ಟದವರೆಗೆ ಎಲ್ಲರಿಗೂ ಹೇಳಿ ಆಗಿದೆ” ಎಂದರು. “ಈಗ ನೀನು ಏನೂ ಹೇಳ್ಬೇಡ.”

ಮೋಸ ಹೋದದ್ದಕ್ಕಿಂತ ಮೋಸ ಹೋದವನೆಂದು ಕಾಣುವುದು ಅವರಿಗೆ ಹೆಚ್ಚು ಕಷ್ಟವಾಗಿತ್ತು. ಆ ತಿಂಗಳೇ ಏಲಕ್ಕಿ ಕೋಣೆಯ ಬಾಗಿಲಿಗೆ ‘ಸಿಸ್ಟಮ್ಸ್ ಹೆಡ್’ ಎಂಬ ಹಿತ್ತಾಳೆ ಫಲಕ ಬಂತು. ಅತಿಥಿಗಳಿದ್ದಾಗ ಕರೆಂಟ್ ಹೋದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು ಅವನ ಹೊಸ ಜವಾಬ್ದಾರಿ.

ಮಂಗಳೂರಿನಿಂದ ರಫ್ತು ಕಂಪನಿಯ ಇಬ್ಬರು ಕಾಫಿ ನೋಡಲು ಬಂದ ದಿನ ಹಾಗೆಯೇ ಆಯಿತು. ಧರ್ಮೇಂದ್ರ ಕಣ್ಣಲ್ಲೇ ಸನ್ನೆ ಮಾಡಿದರು. ತೀರ್ಥಪ್ರಸಾದ್ ಬಾಗಿಲವರೆಗೆ ಹೋದ. ಚಪ್ಪಲಿ ಬಿಡಲು ಬಗ್ಗಿದ. ಏನನ್ನಿಸಿತೋ, ಬಿಡದೆ ನೆಟ್ಟಗಾಗಿ ತಿರುಗಿ ಬಂದು ಅತಿಥಿಗಳ ಮುಂದೆ ನಿಂತ.

“ಒಳಗೆ ಹೋಗುವ ಅಗತ್ಯ ಇಲ್ಲ ಸರ್. ಅದು ತಾನಾಗಿಯೇ ಏಳ್ತದೆ. ಒಂದು ಸೆಟ್ಟಿಂಗ್ ಹಾಕಿದ್ರೆ ಆಯ್ತು, ಯಾರು ಬೇಕಾದ್ರೂ ಹಾಕ್ಬಹುದು. ನಾನು ಏನೂ ಮಾಡುವುದಿಲ್ಲ.”

ಧರ್ಮೇಂದ್ರ ಕುರ್ಚಿಯ ಕೈ ಹಿಡಿದುಕೊಂಡರು. ಜನರೇಟರ್ ಶುರುವಾಯಿತು, ಪರದೆಯ ಮೇಲೆ ಎಲ್ಲವೂ ಹಸಿರಾದವು. ಅತಿಥಿಗಳಲ್ಲಿ ಹಿರಿಯರು ಪರದೆಯನ್ನೂ ತೀರ್ಥಪ್ರಸಾದನನ್ನೂ ನೋಡಿ, ದೊಡ್ಡ ಕೆಲಸ ಮಾಡುವವರು ಹೀಗೆಯೇ ಮಾತಾಡುತ್ತಾರೆ, ಎಂಥ ವಿನಯ ಎಂದರು. ಇನ್ನೊಬ್ಬರು ಇವನನ್ನು ನಮ್ಮ ಮಂಗಳೂರು ಆಫೀಸಿಗೆ ಸ್ವಲ್ಪ ದಿನ ಕಳಿಸಿಕೊಡಿ ಎಂದು ಬೇಡಿಕೊಂಡರು. ಧರ್ಮೇಂದ್ರರಿಗೆ ಉಸಿರು ಮರಳಿತು. ಇವನಿಲ್ಲದೆ ನಮ್ಮಲ್ಲಿ ಒಂದು ಮೂಟೆ ಅಲುಗುವುದಿಲ್ಲ ಎಂದು ಹೆಮ್ಮೆಯಿಂದ ನಿರಾಕರಿಸಿದರು.

ತೀರ್ಥಪ್ರಸಾದ್ ಅಕೌಂಟ್ಸ್ ಕೋಣೆಗೆ ಹೋಗಿ ಕೂತ. ಯಮುನಾ ಬಿಲ್ಲುಗಳಿಂದ ತಲೆಯೆತ್ತಲಿಲ್ಲ.

“ಸುಳ್ಳಿಗೆ ಶಾಲು ಸಿಕ್ತು, ನಿಜಕ್ಕೆ ಮಂಗಳೂರು ಸಿಕ್ತು” ಎಂದಳು. “ನಾವು ಇಲ್ಲಿ ಬರೀ ಲೆಕ್ಕ ಬರೀತಾ ಕೂತಿದ್ದೇವೆ.”

ಅವನಿಗೆ ನಗು ಬರಲಿಲ್ಲ. ಆ ಪುಟ ನಿಂಗೂ ತೋರಿಸಿಕೊಡಲಾ ಎಂದು ಕೇಳಿದ. ಬೇಡ, ಆಮೇಲೆ ಕರೆಂಟ್ ಹೋದಾಗೆಲ್ಲ ನನ್ನನ್ನ ಕರೀತಾರೆ ಎಂದಳು ಅವಳು. ಐದೂವರೆಯ ಬಸ್ಸಿಗೆ ಹೊತ್ತಾಗಿತ್ತು. ಕೊಡೆ ತೆಗೆದುಕೊಂಡು ಹೊರಟ.